ಫೈಲ್ ನಿಮ್ಮದು, ಕೀಲಿ ಯಾರದು?

ಯಾರದೇ ಮೊಬೈಲಿನ ಗ್ಯಾಲರಿಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತ ಹೋದರೆ ಮದುವೆ, ಜಾತ್ರೆ, ಮಗುವಿನ ಹುಟ್ಟುಹಬ್ಬಗಳ ನಡುವೆ ಬೇರೆ ಬಗೆಯ ಚಿತ್ರಗಳೂ ಎದುರಾಗುತ್ತವೆ. ಆಧಾರ್ ಕಾರ್ಡಿನ ಎರಡೂ ಬದಿ, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಅಪ್ಪನ ಇಸಿಜಿ, ಊರಿನ ಜಮೀನಿನ ಪಹಣಿ, ಸೈಟಿನ ಕ್ರಯಪತ್ರದ ಒಂದೊಂದೇ ಹಾಳೆ. ಬ್ಯಾಂಕಿನಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಕೇಳಿದರೆಂದು ಅವಸರದಲ್ಲಿ ತೆಗೆದವು. ಕೆಲಸ ಮುಗಿಯಿತು, ಚಿತ್ರ ಉಳಿಯಿತು. ಫೋನ್ ಕೊಂಡ ದಿನ ಅಂಗಡಿಯ ಹುಡುಗ ‘ಬ್ಯಾಕಪ್ ಆನ್ ಮಾಡಿದೀನಿ ಸಾರ್’ ಎಂದಿದ್ದ. ಅಂದಿನಿಂದ ಅವೆಲ್ಲ ತಾವಾಗಿಯೇ ಕ್ಲೌಡಿಗೆ ಏರುತ್ತಿವೆ.

ಗೂಗಲ್ ಕೊಡುವ 15 ಜಿಬಿ ಉಚಿತ ಜಾಗದಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿ ಸಂಸಾರ ಮಾಡಬೇಕು. ಫೋಟೋಗಳಿಗೆ ಮಿತಿಯಿಲ್ಲದ ಜಾಗ ಒಂದು ಕಾಲದಲ್ಲಿತ್ತು. 2021ರ ಜೂನ್ 1ಕ್ಕೆ ಅದು ನಿಂತಿತು. ಐಕ್ಲೌಡ್ ಮತ್ತು ಒನ್‌ಡ್ರೈವ್ 5 ಜಿಬಿ ಕೊಡುತ್ತವೆ, ಡ್ರಾಪ್‌ಬಾಕ್ಸ್ 2. ಜಾಗ ತುಂಬಿತು ಎಂಬ ಎಚ್ಚರಿಕೆ ಬಂದಾಗಲೇ ಹೆಚ್ಚಿನವರು ಬೇರೆ ದಾರಿ ಹುಡುಕಲು ಹೊರಡುವುದು. ತೊಂದರೆ ಜಾಗದ್ದು ಮಾತ್ರವಾದರೆ ನನ್ನ ಸಲಹೆ ಚಿಕ್ಕದು: ತಿಂಗಳಿಗೆ ನೂರಿನ್ನೂರು ರೂಪಾಯಿ ಕಟ್ಟಿ ನಿಶ್ಚಿಂತೆಯಿಂದಿರಿ. ಆ ಬೆಲೆಗೆ ಅಷ್ಟು ಜೋಪಾನವಾಗಿ ಮನೆಯಲ್ಲಿ ಫೈಲ್ ಕಾಪಾಡಲು ಆಗುವುದಿಲ್ಲ. ಇಲ್ಲಿ ಬರೆಯಹೊರಟಿರುವುದು ಇನ್ನೊಂದು ಚಿಂತೆಯ ಬಗ್ಗೆ. ಆ ಫೈಲುಗಳನ್ನು ನಿಮ್ಮನ್ನು ಬಿಟ್ಟು ಇನ್ಯಾರು ತೆರೆಯಬಲ್ಲರು?

ಈ ಕಂಪನಿಗಳು ಫೈಲುಗಳನ್ನು ಬಯಲಿನಲ್ಲಿ ಇಟ್ಟಿವೆ ಎಂದಲ್ಲ. ನಿಮ್ಮ ಫೋನಿನಿಂದ ಹೋಗುವ ದಾರಿಯಲ್ಲೂ ಸರ್ವರಿನಲ್ಲೂ ಅವು ಎನ್‌ಕ್ರಿಪ್ಟ್ ಆಗಿಯೇ ಇರುತ್ತವೆ. ಕೀಲಿ ಮಾತ್ರ ಕಂಪನಿಯ ಕೈಯಲ್ಲಿರುತ್ತದೆ. ಬಾಡಿಗೆ ಮನೆಗೆ ನೀವು ಬೀಗ ಹಾಕಿಕೊಂಡು ಊರಿಗೆ ಹೋಗಿದ್ದೀರಿ, ಅದರ ಇನ್ನೊಂದು ಕೀಲಿ ಓನರ್ ಹತ್ತಿರ ಇದೆ; ಸ್ಥಿತಿ ಹಾಗಿದೆ. ಓನರ್ ಒಳ್ಳೆಯವರೇ ಇರಬಹುದು. ಆದರೂ ಪೊಲೀಸರು ಕೇಳಿದರೆ ಅವರು ಬಾಗಿಲು ತೆರೆಯಬೇಕಾಗುತ್ತದೆ. ಅವರ ಮನೆಯಲ್ಲೇ ಕಳ್ಳತನವಾದರೆ ನಿಮ್ಮ ಕೀಲಿಯೂ ಹೋಗುತ್ತದೆ.

2022ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿದ ಪ್ರಕರಣವೊಂದನ್ನು ಇಲ್ಲಿ ನೆನೆಯಬೇಕು. ಸ್ಯಾನ್‌ಫ್ರಾನ್ಸಿಸ್ಕೋದ ಒಬ್ಬ ತಂದೆ ತನ್ನ ಪುಟ್ಟ ಮಗನ ಗುಪ್ತಾಂಗದ ಬಾವನ್ನು ಡಾಕ್ಟರಿಗೆ ತೋರಿಸಲೆಂದು ಫೋಟೋ ತೆಗೆದಿದ್ದರು. ಅದು ತಾನಾಗಿ ಕ್ಲೌಡಿಗೆ ಹೋಯಿತು. ಗೂಗಲ್‌ನ ತಪಾಸಣಾ ವ್ಯವಸ್ಥೆ ಅದನ್ನು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರವೆಂದು ಗುರುತಿಸಿತು. ಪೊಲೀಸರು ತನಿಖೆ ನಡೆಸಿ ಅಪರಾಧವೇನೂ ಆಗಿಲ್ಲ ಎಂದರು. ಆದರೂ ಖಾತೆ ಮರಳಿ ಸಿಗಲಿಲ್ಲ; ಮೇಲ್, ಫೋಟೋ, ಅದೇ ಖಾತೆಗೆ ಹೊಂದಿಕೊಂಡಿದ್ದ ಫೋನ್ ನಂಬರ್ ಎಲ್ಲವೂ ಕೈಬಿಟ್ಟವು. ಅಂಥ ಚಿತ್ರಗಳನ್ನು ಹುಡುಕಿ ಹಿಡಿಯುವುದೇ ತಪ್ಪು ಎಂದು ನಾನು ಹೇಳಲಾರೆ. ಆದರೆ ಡಾಕ್ಟರಿಗೆಂದು ತೆಗೆದ ಫೋಟೋ ನಮ್ಮೆಲ್ಲರ ಮೊಬೈಲಿನಲ್ಲೂ ಇರುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಇನ್ನೊಂದು ಪಕ್ಕದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಅಡಿಯಲ್ಲಿ ಸರಕಾರ ಕಾರಣ ದಾಖಲಿಸಿ ಮಾಹಿತಿಯನ್ನು ಬಿಚ್ಚಿಕೊಡುವಂತೆ ಆದೇಶಿಸಬಹುದು. ಕಾನೂನು ತನ್ನ ಕೆಲಸ ಮಾಡಲಿ. ಕೀಲಿಯೇ ಇಲ್ಲದ ಕಂಪನಿ ಬಿಚ್ಚಿಕೊಡಲು ಆಗದು ಎಂಬ ಸರಳ ತಾಂತ್ರಿಕ ಸತ್ಯದ ಮೇಲೆ ಮುಂದೆ ಹೇಳುವ ದಾರಿಗಳೆಲ್ಲ ನಿಂತಿವೆ.

ಮೊದಲು ಮನೆ ಗುಡಿಸಿ

ಸಾಫ್ಟ್‌ವೇರ್ ಹುಡುಕುವ ಮೊದಲು ಏನೇನಿದೆ ಎಂದು ನೋಡಿಕೊಳ್ಳಿ. ನೂರು ಜಿಬಿ ಇದ್ದವರಲ್ಲೂ ನಿಜವಾಗಿ ಬಚ್ಚಿಡಬೇಕಾದ್ದು ಒಂದೆರಡು ಜಿಬಿಗಿಂತ ಹೆಚ್ಚಿರುವುದು ಅಪರೂಪ: ಗುರುತಿನ ಚೀಟಿಗಳು, ಆಸ್ತಿ ಕಾಗದ, ತೆರಿಗೆ ರಿಟರ್ನ್, ಆಸ್ಪತ್ರೆಯ ರಿಪೋರ್ಟುಗಳು, ಕೋರ್ಟು-ಕಚೇರಿಯ ಪತ್ರಗಳು. ಉಳಿದದ್ದು ಫೋಟೋ, ವಿಡಿಯೋ, ‘ಗುಡ್ ಮಾರ್ನಿಂಗ್’ ಚಿತ್ರಗಳು. ಎಲ್ಲಕ್ಕೂ ಒಂದೇ ಔಷಧ ಹಚ್ಚಲು ಹೋದವರು ಹದಿನೈದು ದಿನದಲ್ಲಿ ಸುಸ್ತಾಗಿ ಹಳೆಯ ಅಭ್ಯಾಸಕ್ಕೇ ಮರಳುತ್ತಾರೆ.

ಕೆಲವು ಪ್ರತಿಗಳನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಇಲಾಖೆಯೇ ಹೊರಡಿಸಿದ ಡ್ರೈವಿಂಗ್ ಲೈಸೆನ್ಸ್, ಆರ್‌ಸಿ ಬೇಕಾದಾಗ ಸಿಗುತ್ತವೆ. 2016ರ ನಿಯಮಗಳ ಪ್ರಕಾರ ಅವಕ್ಕೆ ಮೂಲಪ್ರತಿಯ ಮಾನ್ಯತೆಯೂ ಉಂಟು. ಸರಕಾರದ ಬಳಿ ಹೇಗೂ ಇರುವ ದಾಖಲೆಯನ್ನು ಸರಕಾರದ ಲಾಕರಿನಲ್ಲೇ ನೋಡಿಕೊಳ್ಳುವುದರಿಂದ ಖಾಸಗಿತನಕ್ಕೆ ಹೊಸದಾಗಿ ಆಗುವ ನಷ್ಟವಿಲ್ಲ. ನಿಮ್ಮ ಸ್ವಂತ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಗೆ ಏರಿಸುವುದು ಬೇರೆ ಮಾತು. ಅದಕ್ಕೆ ಆ ಜಾಗವಲ್ಲ ಎಂಬುದು ನನ್ನ ಅಭಿಪ್ರಾಯ.

ಆಧಾರ್ ಪ್ರತಿ ಕೊಡಲೇಬೇಕಾದ ಕಡೆ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಕೊಡಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇದನ್ನೇ ಹೇಳಿ ಪ್ರಕಟಣೆ ಹೊರಡಿಸಿತ್ತು. ಕಂಡಕಂಡಲ್ಲಿ ಜೆರಾಕ್ಸ್ ಕೊಡಬೇಡಿ, ಸೈಬರ್ ಕೆಫೆಯಲ್ಲಿ ಇಳಿಸಿಕೊಂಡರೆ ಪ್ರತಿಯನ್ನು ಅಳಿಸಿ ಎಂದೂ ಅದರಲ್ಲಿತ್ತು. ದೇಶವೆಲ್ಲ ಗದ್ದಲವಾಗಿ ಎರಡೇ ದಿನಕ್ಕೆ ಪ್ರಕಟಣೆ ವಾಪಸಾಯಿತು. ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಅಂದ ಹಾಗೆ, ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನೆಮ್ಮದಿಯಿಂದ ಇರಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿಯೇ ಆ ಪಾಸ್‌ವರ್ಡ್. ನಿಮ್ಮನ್ನು ಬಲ್ಲ ಯಾರೂ ಅದನ್ನು ತೆರೆಯಬಹುದು.

ಇನ್ನೊಂದು ಕಿಂಡಿ ವಾಟ್ಸ್‌ಆ್ಯಪ್. ಮಾತುಕತೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಬ್ಯಾಕಪ್ ಗೂಗಲ್ ಡ್ರೈವಿಗೋ ಐಕ್ಲೌಡಿಗೋ ಹೋಗುವಾಗ ಹಾಗಿರಬೇಕೆಂದರೆ ನೀವೇ ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ಗೆ ಹೋಗಿ ಅದನ್ನು ಆನ್ ಮಾಡಬೇಕು. 2021ರಿಂದ ಈ ಸೌಲಭ್ಯವಿದೆ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿದರೂ ಲಾಭವೇ.

ಇರುವ ಡ್ರೈವಿನಲ್ಲೇ ಒಂದು ತಿಜೋರಿ

ಕಂಪನಿ ಬದಲಿಸದೆ ಕೀಲಿಯನ್ನು ಮಾತ್ರ ಕಿತ್ತುಕೊಳ್ಳುವ ಉಪಾಯ ಕ್ರಿಪ್ಟೋಮೇಟರ್. ಹೆಚ್ಚಿನ ಓದುಗರಿಗೆ ಇದೇ ಸಾಕು ಎಂದು ನನಗೆ ಅನ್ನಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಜರ್ಮನಿಯ ಒಂದು ಸಣ್ಣ ಕಂಪನಿ ಮಾಡಿದ ಮುಕ್ತ ತಂತ್ರಾಂಶ; ಮೂಲಸಂಕೇತವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತ. ಮೊಬೈಲಿನಲ್ಲಿ ಪೂರ್ತಿ ಬಳಸಲು ಒಮ್ಮೆ ಹಣ ಕೊಡಬೇಕು.

ಕೆಲಸ ಮಾಡುವ ರೀತಿ ಹೀಗೆ. ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಆ್ಯಪ್ ಹಾಕಿಕೊಂಡಾಗ ಒಂದು ಫೋಲ್ಡರ್ ಬರುತ್ತದಲ್ಲ, ಅದರೊಳಗೆ ಕ್ರಿಪ್ಟೋಮೇಟರ್ ಒಂದು ವಾಲ್ಟ್ ಸೃಷ್ಟಿಸುತ್ತದೆ. ಪಾಸ್‌ವರ್ಡ್ ಕೊಟ್ಟು ಆ ವಾಲ್ಟ್ ತೆರೆದರೆ ಕಂಪ್ಯೂಟರಿನಲ್ಲಿ ಹೊಸದೊಂದು ಡ್ರೈವ್ ಕಾಣಿಸಿಕೊಳ್ಳುತ್ತದೆ, ಪೆನ್‌ಡ್ರೈವ್ ಚುಚ್ಚಿದಾಗ ಕಾಣುವ ಹಾಗೆಯೇ. ಕ್ರಯಪತ್ರದ ಪಿಡಿಎಫ್ ಅನ್ನು ಅಲ್ಲಿಗೆ ಹಾಕಿದ ಕೂಡಲೇ ಅದು ನಿಮ್ಮ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಆಗಿ, ಗೊತ್ತುಗುರಿಯಿಲ್ಲದ ಅಕ್ಷರಗಳ ಹೆಸರು ಹೊತ್ತು ಗೂಗಲ್‌ಗೆ ಹೋಗುತ್ತದೆ. ಅಲ್ಲಿ ಅದನ್ನು ತೆರೆದು ನೋಡಿದವರಿಗೆ ಕಸವಲ್ಲದೆ ಬೇರೇನೂ ಕಾಣದು. ಎಷ್ಟು ಫೈಲುಗಳಿವೆ, ಹೆಚ್ಚುಕಡಿಮೆ ಎಷ್ಟು ದೊಡ್ಡವು, ಯಾವಾಗ ಬದಲಾದವು ಎಂಬುದಷ್ಟೇ ಹೊರಗಿನವರಿಗೆ ತಿಳಿಯುತ್ತದೆ.

ಬೆಲೆ ತೆರುವುದು ಸೌಕರ್ಯದಲ್ಲಿ. ಬ್ರೌಸರಿನಲ್ಲಿ ಡ್ರೈವ್ ತೆರೆದು ‘ಪಹಣಿ’ ಎಂದು ಹುಡುಕಿದರೆ ಸಿಗುವುದಿಲ್ಲ. ತಮ್ಮನಿಗೆ ಲಿಂಕ್ ಕಳಿಸಲು ಆಗುವುದಿಲ್ಲ. ಪಾಸ್‌ವರ್ಡ್ ಮರೆತರೆ ಫೋನ್ ಮಾಡಿ ಕೇಳಲು ಕಸ್ಟಮರ್ ಕೇರ್ ಎಂಬುದಿಲ್ಲ. ವಾಲ್ಟ್ ಮಾಡುವಾಗ ರಿಕವರಿ ಕೀ ಬೇಕೇ ಎಂದು ಅದು ಕೇಳುತ್ತದೆ, ಬೇಕು ಎನ್ನಿ. ಇಂಗ್ಲಿಷ್ ಪದಗಳ ಉದ್ದನೆಯ ಸಾಲೊಂದು ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿ ಇಡಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವ ಬದಲು ಕೈಯಲ್ಲೇ ಬರೆದುಕೊಂಡರೂ ಸರಿ, ಕಾಗುಣಿತ ಮಾತ್ರ ತಪ್ಪಬಾರದು.

ಬಹಳ ಮಂದಿ ಇಲ್ಲೊಂದು ಹೆಜ್ಜೆ ಬಿಟ್ಟುಬಿಡುತ್ತಾರೆ. ವಾಲ್ಟ್‌ನೊಳಗೆ ಪ್ರತಿ ಹಾಕಿದ ಮೇಲೆ ಹಳೆಯ, ಬಯಲಿನಲ್ಲಿರುವ ಪ್ರತಿಯನ್ನು ಅಳಿಸಬೇಕು. ಡ್ರೈವಿನಿಂದ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಕೂತಿರುತ್ತದೆ, ಅಲ್ಲಿಂದಲೂ ತೆಗೆಯಬೇಕು. ಗೂಗಲ್ ಫೋಟೋಸ್‌ನಲ್ಲಿ ಅದೇ ಕಾಗದದ ಚಿತ್ರ, ಜಿಮೇಲ್‌ನ ಸೆಂಟ್ ಪೆಟ್ಟಿಗೆಯಲ್ಲಿ ಬ್ಯಾಂಕಿಗೆ ಕಳಿಸಿದ ಅಟ್ಯಾಚ್‌ಮೆಂಟ್, ವಾಟ್ಸ್‌ಆ್ಯಪ್ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಮತ್ತೊಂದು. ಇವನ್ನು ಹಾಗೇ ಬಿಟ್ಟು ವಾಲ್ಟ್ ಮಾಡಿದರೆ ಪಟ್ಟ ಶ್ರಮ ದಂಡ.

ಕೀಲಿ ಕೇಳದ ಕಂಪನಿಗಳು

ಇಂಥ ಎನ್‌ಕ್ರಿಪ್ಷನ್ ಅನ್ನು ಒಳಗೇ ಅಳವಡಿಸಿಕೊಂಡ ಸೇವೆಗಳೂ ಇವೆ. ಜಿನೀವಾ ಮೂಲದ ಪ್ರೋಟಾನ್ ಅವುಗಳಲ್ಲಿ ಹೆಸರಾದದ್ದು. ಸರ್ನ್ ಸಂಶೋಧನಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಇಮೇಲ್ ಸೇವೆಯಾಗಿ ಆರಂಭಿಸಿದರು, 2022ರಲ್ಲಿ ಪ್ರೋಟಾನ್ ಡ್ರೈವ್ ಎಲ್ಲರಿಗೂ ತೆರೆಯಿತು. ಪಾಸ್‌ವರ್ಡ್ ಮತ್ತು ಅವಧಿ ಹಾಕಿ ಲಿಂಕ್ ಹಂಚಿಕೊಳ್ಳಬಹುದು. ಹಂಗೇರಿಯಲ್ಲಿ ಹುಟ್ಟಿದ ಟ್ರೆಸೊರಿಟ್‌ನಲ್ಲಿ 2021ರಿಂದ ಸ್ವಿಸ್ ಅಂಚೆ ಸಂಸ್ಥೆಗೆ ಹೆಚ್ಚಿನ ಪಾಲು. ಅದು ಕಚೇರಿಗಳಿಗೆ ಹೊಂದುವ ದುಬಾರಿ ಸರಕು. ನ್ಯೂಜಿಲೆಂಡಿನ ಮೆಗಾ 20 ಜಿಬಿ ಉಚಿತವಾಗಿ ಕೊಟ್ಟು ಜನಪ್ರಿಯವಾಗಿದೆ.

‘ಮಿಲಿಟರಿ ದರ್ಜೆಯ ಭದ್ರತೆ’ ಎಂಬ ಜಾಹೀರಾತನ್ನು ಮಾತ್ರ ನಂಬಿ ಹೋಗಬೇಡಿ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಮೆಗಾದ ಎನ್‌ಕ್ರಿಪ್ಷನ್ ವಿನ್ಯಾಸದಲ್ಲಿ ಗಂಭೀರ ದೋಷಗಳನ್ನು ತೋರಿಸಿದರು; ಕಂಪನಿ ಬಳಿಕ ತೇಪೆ ಹಾಕಿತು. ಅದೇ ವಿಶ್ವವಿದ್ಯಾಲಯದವರು 2024ರಲ್ಲಿ ಸಿಂಕ್, ಪಿಕ್ಲೌಡ್, ಐಸ್‌ಡ್ರೈವ್, ಸೀಫೈಲ್, ಟ್ರೆಸೊರಿಟ್ ಎಂಬ ಐದು ಸೇವೆಗಳನ್ನು ಪರೀಕ್ಷಿಸಿದರು. ಸರ್ವರ್ ದುಷ್ಟರ ಕೈಗೆ ಸಿಕ್ಕಿತೆಂದೇ ಇಟ್ಟುಕೊಂಡು ಏನೇನು ಮಾಡಬಹುದು ಎಂದು ನೋಡಿದಾಗ ಹೆಚ್ಚಿನವು ಎಡವಿದವು. ಟ್ರೆಸೊರಿಟ್ ಉಳಿದವುಗಳಿಗಿಂತ ವಾಸಿ ಎನ್ನಿಸಿಕೊಂಡಿತು. ಅಂಥ ಪರೀಕ್ಷೆಗೆ ಒಡ್ಡಿಕೊಂಡು, ಸಿಕ್ಕ ತಪ್ಪನ್ನು ಬಹಿರಂಗವಾಗಿ ತಿದ್ದಿಕೊಂಡ ಸೇವೆಯ ಮೇಲೆ ನನಗೆ ಹೆಚ್ಚು ನಂಬಿಕೆ. ತಪ್ಪೇ ಇಲ್ಲವೆಂದು ಹೇಳುವವರ ಮೇಲೆ ಕಡಿಮೆ.

ಓದುಗರು ತಾವೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆಯೂ ಇದೆ. ಖಾಲಿ ಖಾತೆಯೊಂದನ್ನು ತೆರೆದು ಏನಾದರೂ ಫೈಲ್ ಹಾಕಿ, ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿ. ಇಮೇಲಿಗೆ ಬಂದ ಲಿಂಕಿನಿಂದ ಹೊಸ ಪಾಸ್‌ವರ್ಡ್ ಹಾಕಿದ ಮೇಲೆ ಹಳೆಯ ಫೈಲ್ ಹಾಗೇ ತೆರೆದುಕೊಂಡರೆ ಕೀಲಿ ಅವರ ಬಳಿಯೇ ಇದೆ ಎಂದು ತಿಳಿಯಿರಿ. ನೀವೇ ಇಟ್ಟುಕೊಂಡ ರಿಕವರಿ ಪದಗಳನ್ನೋ ಫೈಲನ್ನೋ ಕೇಳಿದರೆ ಸರಿಯಾದ ದಾರಿಯಲ್ಲಿದ್ದೀರಿ.

ಕೀಲಿ ಇಲ್ಲದಿದ್ದರೂ ಕಂಪನಿಗೆ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲ ಎಂದಾಗುವುದಿಲ್ಲ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಪ್ರೋಟಾನ್ ಒಬ್ಬ ಫ್ರೆಂಚ್ ಪರಿಸರ ಹೋರಾಟಗಾರರ ಐಪಿ ವಿಳಾಸವನ್ನು ದಾಖಲಿಸಿ ಕೊಡಬೇಕಾಯಿತು. ಮೇಲ್‌ಗಳ ಒಳಗಿದ್ದುದನ್ನು ಕೊಡಲು ಅದಕ್ಕೆ ಸಾಧ್ಯವಿರಲಿಲ್ಲ. ಯಾರು, ಎಲ್ಲಿಂದ ಎಂಬುದನ್ನು ಕೊಡಲು ಸಾಧ್ಯವಿತ್ತು. ಭಾರತದಲ್ಲೂ 2022ರ ಏಪ್ರಿಲ್‌ನಲ್ಲಿ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಮತ್ತು ಕ್ಲೌಡ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಮನೆಯ ಕಾಗದಪತ್ರ ಕಾಪಾಡಿಕೊಳ್ಳುವವರಿಗೆ ಇದು ದೊಡ್ಡ ವಿಷಯವಲ್ಲ. ಪತ್ರಕರ್ತರಿಗೆ, ವಕೀಲರಿಗೆ, ಹೋರಾಟಗಾರರಿಗೆ ದೊಡ್ಡದೇ.

ಐಫೋನ್ ಇರುವವರು ಬೇರೆಲ್ಲೂ ಹೋಗಬೇಕಾಗಿಲ್ಲ. ಐಕ್ಲೌಡ್ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಎಂಬುದನ್ನು ಆನ್ ಮಾಡಿದರೆ ಫೋಟೋ, ಡ್ರೈವ್, ಬ್ಯಾಕಪ್‌ಗಳ ಕೀಲಿ ನಿಮ್ಮ ಸಾಧನಗಳಿಗೆ ಸೀಮಿತವಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದದ್ದಿದು. 2025ರ ಫೆಬ್ರುವರಿಯಲ್ಲಿ ಬ್ರಿಟನ್ ಸರಕಾರದ ಒತ್ತಡದ ನಡುವೆ ಆಪಲ್ ಅಲ್ಲಿ ಈ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಲಂಡನ್ನಿನಲ್ಲಿರುವ ಮಕ್ಕಳಿಗೆ ಇದನ್ನು ಹೇಳಿಕೊಡಲು ಹೋಗುವ ಅಪ್ಪ-ಅಮ್ಮಂದಿರಿಗೆ ಮೊದಲೇ ಗೊತ್ತಿರಲಿ.

ಫೋಟೋಗಳ ಕಥೆ ಬೇರೆ. ಮುಖ ಗುರುತಿಸುವುದು, ಊರು-ದಿನಾಂಕದಿಂದ ಹುಡುಕುವುದು ಅಭ್ಯಾಸವಾದವರಿಗೆ ವಾಲ್ಟ್ ಹಿಡಿಸದು. ಅವರಿಗೆ ಎಂಟೆ ಎಂಬ ಸೇವೆ ನೋಡಲು ಹೇಳುತ್ತೇನೆ. ಗೂಗಲ್ ಬಿಟ್ಟುಬಂದ ಕೇರಳ ಮೂಲದ ತಂತ್ರಜ್ಞರೊಬ್ಬರು ಕಟ್ಟಿದ್ದು. ಮುಖ ಗುರುತಿಸುವ ಕೆಲಸವನ್ನು ಸರ್ವರಿಗೆ ಬಿಡದೆ ನಿಮ್ಮ ಫೋನಿನಲ್ಲೇ ಮಾಡುತ್ತದೆ. 2024ರಲ್ಲಿ ಸರ್ವರಿನ ಮೂಲಸಂಕೇತವನ್ನೂ ಮುಕ್ತವಾಗಿಸಿದರು. ಮುಂದೆ ಕಂಪನಿಯೇ ಮುಚ್ಚಿಹೋದರೂ ಬೇರೆಯವರು ಅದನ್ನು ನಡೆಸಿಕೊಂಡು ಹೋಗಬಹುದು ಎಂಬುದು ಇದರಿಂದಾಗುವ ದೊಡ್ಡ ಅನುಕೂಲ. ಇಂಥ ವಿದೇಶಿ ಚಂದಾಗಳಿಗೆ ನಮ್ಮ ಕಾರ್ಡುಗಳ ಆಟೋ-ಪೇ ಆಗಾಗ ಕೈಕೊಡುತ್ತದೆ. ತಿಂಗಳ ಬದಲು ವರ್ಷದ ಚಂದಾ ಕಟ್ಟಿ, ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಕ್ಲೌಡೇ ಬೇಡ ಎನ್ನುವವರಿಗೆ

ಬೆಂಗಳೂರಿನ ಮನೆಯಲ್ಲಿ ಲ್ಯಾಪ್‌ಟಾಪ್, ಶಿವಮೊಗ್ಗದಲ್ಲಿ ಅಪ್ಪನ ಕಂಪ್ಯೂಟರ್, ಜೇಬಿನಲ್ಲಿ ಫೋನ್. ಬೇಕಾದ್ದು ಈ ಮೂರರಲ್ಲೂ ಒಂದೇ ಫೋಲ್ಡರ್ ಇರುವುದು. ಅದಕ್ಕಾಗಿ ಫೈಲುಗಳು ನಡುವೆ ಒಬ್ಬ ಕಂಪನಿಯವನ ಮನೆಯಲ್ಲಿ ತಂಗಿ ಬರಬೇಕೇಕೆ? 2013ರ ಕೊನೆಯಲ್ಲಿ ಹೊರಬಂದ ಸಿಂಕ್‌ಥಿಂಗ್ ಎಂಬ ಉಚಿತ, ಮುಕ್ತ ತಂತ್ರಾಂಶ ಈ ಪ್ರಶ್ನೆಗೆ ಉತ್ತರ. ಇಡೀ ಪಟ್ಟಿಯಲ್ಲಿ ನನಗೆ ಅಚ್ಚುಮೆಚ್ಚಿನದೂ ಇದೇ. ಖಾತೆ ತೆರೆಯಬೇಕಾಗಿಲ್ಲ, ಇಮೇಲ್ ಕೊಡಬೇಕಾಗಿಲ್ಲ, ಚಂದಾ ಇಲ್ಲ.

ಪ್ರತಿ ಸಾಧನಕ್ಕೂ ಉದ್ದನೆಯ ಗುರುತೊಂದಿರುತ್ತದೆ. ಒಂದರ ಗುರುತನ್ನು ಇನ್ನೊಂದಕ್ಕೆ ಕ್ಯೂಆರ್ ಕೋಡ್ ಮೂಲಕ ತೋರಿಸಿ, ಎರಡೂ ಕಡೆ ಒಪ್ಪಿಗೆ ಒತ್ತಬೇಕು. ಒಂದು ಕಡೆ ಒಪ್ಪಿದರೆ ಸಾಲದು. ಆಮೇಲೆ ಯಾವ ಫೋಲ್ಡರ್ ಹಂಚಿಕೊಳ್ಳಬೇಕೆಂದು ಹೇಳಿದರಾಯಿತು. ಎರಡೂ ಒಂದೇ ವೈಫೈನಲ್ಲಿದ್ದರೆ ಫೈಲ್ ಮನೆಯಿಂದಾಚೆ ಹೋಗುವುದೇ ಇಲ್ಲ, ಡೇಟಾ ಖರ್ಚಾಗುವುದಿಲ್ಲ. ಊರು ಬೇರೆಯಾದಾಗ ನೇರ ಸಂಪರ್ಕ ಸಿಕ್ಕರೆ ನೇರವಾಗಿ, ಸಿಗದಿದ್ದರೆ ಸ್ವಯಂಸೇವಕರು ನಡೆಸುವ ರಿಲೇ ಸರ್ವರುಗಳ ಮೂಲಕ ಹೋಗುತ್ತದೆ. ಆ ರಿಲೇಗಳಿಗೂ ಒಳಗಿನದು ಕಾಣದು.

ಇದನ್ನು ಬಳಸುವವರು ಮೂರು ಸಂಗತಿ ತಿಳಿದಿರಬೇಕು. ಮುಖ್ಯವಾದದ್ದು, ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಫೋನಿನಲ್ಲಿ ಮಗು ಫೋಟೋ ಅಳಿಸಿದರೆ ಶಿವಮೊಗ್ಗದ ಕಂಪ್ಯೂಟರಿನಲ್ಲೂ ಅದು ಅಳಿಯುತ್ತದೆ. ಇದಕ್ಕೆ ಮದ್ದಾಗಿ ಫೋಲ್ಡರಿನ ಸೆಟ್ಟಿಂಗ್ಸ್‌ನಲ್ಲಿ ಫೈಲ್ ವರ್ಷನಿಂಗ್ ಆನ್ ಮಾಡಿ. ಬೇರೆ ಸಾಧನದಲ್ಲಿ ಅಳಿಸಿದ ಫೈಲಿನ ಹಳೆಯ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಎರಡನೆಯದು, ಎರಡೂ ಸಾಧನ ಒಂದೇ ಹೊತ್ತಿಗೆ ಆನ್ ಇರಬೇಕು. ಅಪ್ಪ ವಾರಕ್ಕೊಮ್ಮೆ ಕಂಪ್ಯೂಟರ್ ಹಾಕುವವರಾದರೆ ಸಿಂಕ್ ಆಗುವುದೂ ವಾರಕ್ಕೊಮ್ಮೆ. ಇನ್ನು ಆಂಡ್ರಾಯ್ಡ್: ಅಧಿಕೃತ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಸಮುದಾಯದವರು ಸಿಂಕ್‌ಥಿಂಗ್-ಫೋರ್ಕ್ ಎಂಬ ಆವೃತ್ತಿಯನ್ನು ಮುಂದುವರಿಸಿದ್ದಾರೆ, ಅದನ್ನು ಹಾಕಿಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ಅಗ್ಗದ ಫೋನುಗಳು ಬ್ಯಾಟರಿ ಉಳಿಸುವ ಹಟದಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಕೊಂದುಹಾಕುತ್ತವೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಇದಕ್ಕೆ ವಿನಾಯಿತಿ ಕೊಡದಿದ್ದರೆ ‘ಕೆಲಸವೇ ಮಾಡಲ್ಲ’ ಎಂದು ಬೈದುಕೊಳ್ಳುತ್ತೀರಿ.

ಇದರಲ್ಲೊಂದು ಜಾಣ ಸೌಲಭ್ಯವುಂಟು. ಪೂರ್ತಿ ನಂಬಿಕೆಯಿಲ್ಲದ ಸಾಧನಕ್ಕೆ ಎನ್‌ಕ್ರಿಪ್ಟ್ ಆದ ಪ್ರತಿಯನ್ನು ಮಾತ್ರ ಕಳಿಸಬಹುದು. ಗೆಳೆಯರಿಬ್ಬರು ಒಬ್ಬರ ಬ್ಯಾಕಪ್ ಇನ್ನೊಬ್ಬರ ಮನೆಯಲ್ಲಿ ಇಟ್ಟುಕೊಳ್ಳಬಹುದು. ಯಾರೂ ಯಾರದನ್ನೂ ಓದಲಾರರು. ಹುಬ್ಬಳ್ಳಿ-ಮೈಸೂರುಗಳಷ್ಟು ದೂರದ ಎರಡು ಮನೆಗಳ ನಡುವೆ ಇಂಥ ಒಪ್ಪಂದ ಮಾಡಿಕೊಂಡರೆ ಒಂದು ಕಡೆ ಕಳ್ಳತನವಾದರೂ ಶಾರ್ಟ್ ಸರ್ಕ್ಯೂಟ್ ಆದರೂ ಇನ್ನೊಂದು ಕಡೆ ಪ್ರತಿ ಇರುತ್ತದೆ.

ಇನ್ನೂ ಮುಂದೆ ಹೋಗಿ ಸ್ವಂತ ಸರ್ವರ್ ಇಡುವೆ ಎನ್ನುವವರಿಗೆ ನೆಕ್ಸ್ಟ್‌ಕ್ಲೌಡ್ ಇದೆ. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ಜರ್ಮನ್ ತಂತ್ರಾಂಶ. ಫೈಲ್, ಕ್ಯಾಲೆಂಡರ್, ಸಂಪರ್ಕ ಸಂಖ್ಯೆಗಳು ಎಲ್ಲವನ್ನೂ ನೋಡಿಕೊಳ್ಳುತ್ತದೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರಕಾರ ಸುಮಾರು 30,000 ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್‌ನಿಂದ ಬಿಡಿಸಿಕೊಳ್ಳುವ ಯೋಜನೆಯನ್ನು 2024ರಲ್ಲಿ ಪ್ರಕಟಿಸಿದಾಗ ಫೈಲ್ ಹಂಚಿಕೆಗೆ ಆರಿಸಿಕೊಂಡದ್ದು ಇದನ್ನೇ. ಫೋಟೋಗಳಿಗೆ ಮಾತ್ರ ಬೇಕಾದರೆ ಇಮ್ಮಿಚ್ ಇದೆ, ನೋಡಲು ಗೂಗಲ್ ಫೋಟೋಸ್‌ನ ತಮ್ಮನ ಹಾಗೆಯೇ. ಆದರೆ ಮನೆಯಲ್ಲಿ ಸರ್ವರ್ ಇಡುವುದೆಂದರೆ ದಿನವಿಡೀ ಚಾಲೂ ಇರುವ ಒಂದು ಪುಟ್ಟ ಕಂಪ್ಯೂಟರ್, ಕರೆಂಟ್ ಹೋದಾಗ ಯುಪಿಎಸ್, ತಿಂಗಳಿಗೊಮ್ಮೆಯಾದರೂ ಅಪ್‌ಡೇಟ್. ಅನೇಕ ಇಂಟರ್ನೆಟ್ ಕಂಪನಿಗಳು ಮನೆಗೊಂದು ಸ್ವತಂತ್ರ ಐಪಿ ವಿಳಾಸ ಕೊಡದಿರುವುದರಿಂದ ಹೊರಗಿನಿಂದ ಸರ್ವರನ್ನು ತಲುಪಲು ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದ ಸೇವೆ ಬೇಕಾಗುತ್ತದೆ. ಈ ವಾಕ್ಯ ಓದಿ ಉತ್ಸಾಹ ಬಂದವರು ಮುಂದುವರಿಯಿರಿ; ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಸಂಘಟನೆಗಳಲ್ಲಿ ಇದನ್ನು ಬಲ್ಲವರು ಸಿಗುತ್ತಾರೆ. ತಲೆನೋವು ಬಂದವರು ಬಿಟ್ಟುಬಿಡಿ. ಸರಿಯಾಗಿ ನೋಡಿಕೊಳ್ಳದ ಮನೆಯ ಸರ್ವರ್ ಗೂಗಲ್‌ಗಿಂತ ಅಪಾಯದ್ದು. ಬೇರೆಯವರು ನಡೆಸುವ ನೆಕ್ಸ್ಟ್‌ಕ್ಲೌಡ್‌ನಲ್ಲಿ ಜಾಗ ಬಾಡಿಗೆಗೆ ಪಡೆದರೆ ಕೀಲಿ ಮತ್ತೆ ಅವರ ಕೈಗೇ ಹೋಗುತ್ತದೆ. ಅಲ್ಲಿಯೂ ಕ್ರಿಪ್ಟೋಮೇಟರ್ ವಾಲ್ಟ್ ಹಾಕಿಕೊಳ್ಳುವುದು ಒಳ್ಳೆಯದು.

ಹಾರ್ಡ್ ಡಿಸ್ಕನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ಒಂದು ಟಿಬಿಯ ಡಿಸ್ಕಿಗೆ ವೆರಾಕ್ರಿಪ್ಟ್ ಎಂಬ ಎನ್‌ಕ್ರಿಪ್ಷನ್ ತಂತ್ರಾಂಶದಿಂದ ಬೀಗ ಹಾಕಿ, ವರ್ಷಕ್ಕೆರಡು ಸಲ ಎಲ್ಲವನ್ನೂ ಪ್ರತಿ ಮಾಡಿ ಬೇರೆ ಮನೆಯಲ್ಲಿಡುವುದು ಇಂದಿಗೂ ಗಟ್ಟಿ ಉಪಾಯ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ ಎಂಬ 3-2-1 ಸೂತ್ರವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು. ನಡುನಡುವೆ ಡಿಸ್ಕಿನಿಂದ ಒಂದು ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ಪಿಗೆ ಬ್ಯಾಕಪ್ ಎನ್ನಲಾಗದು.

ಜೆರಾಕ್ಸ್ ಅಂಗಡಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ಪ್ರಿಂಟಿಗಾಗಿ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸಿದ ಕಾಗದ ಅಲ್ಲಿ ಯಾವಾಗ ಅಳಿಯುತ್ತದೋ ಯಾರಿಗೂ ತಿಳಿಯದು. ‘ಅಣ್ಣಾ, ಡಿಲೀಟ್ ಮಾಡ್ಬಿಡಿ’ ಎಂದು ಎದುರಿಗೇ ನಿಂತು ಕೇಳುವುದರಲ್ಲಿ ಸಂಕೋಚ ಬೇಡ. ನೀವೂ ಕಳಿಸಿದ್ದನ್ನು ಎಲ್ಲರಿಗೂ ಅಳಿಯುವಂತೆ ಡಿಲೀಟ್ ಮಾಡಿ. ಮನೆಯೊಳಗೇ ಫೋನಿನಿಂದ ಲ್ಯಾಪ್‌ಟಾಪಿಗೆ ಕಳಿಸಲು ಲೋಕಲ್‌ಸೆಂಡ್ ಎಂಬ ಉಚಿತ ಆ್ಯಪ್ ಇದೆ, ಇಂಟರ್ನೆಟ್ಟೇ ಬೇಡ.

ಕೀಲಿ ನಿಮ್ಮ ಕೈಗೆ ಬಂದ ಮೇಲೆ

ಗೂಗಲ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ, ಆಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಇದೆ. ಖಾತೆಯವರು ತೀರಿಕೊಂಡರೆ ಮನೆಯವರಿಗೆ ದಾರಿ ಸಿಗುತ್ತದೆ. ನೀವೇ ಮಾಡಿದ ವಾಲ್ಟಿಗೆ ಅಂಥದ್ದೇನೂ ಇಲ್ಲ. ನಿವೇಶನದ ಕಾಗದ ಒಳಗಿದೆ, ಪಾಸ್‌ವರ್ಡ್ ನಿಮ್ಮ ತಲೆಯಲ್ಲಿದೆ, ನೀವು ಇಲ್ಲ. ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಆದ್ದರಿಂದ ಒಂದು ನೋಟ್‌ಪುಸ್ತಕದಲ್ಲಿ ಯಾವ ಸೇವೆ, ಯಾವ ಇಮೇಲ್, ವಾಲ್ಟ್ ಎಲ್ಲಿದೆ, ಹೇಗೆ ತೆರೆಯಬೇಕು ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದಿಡಿ. ರಿಕವರಿ ಕೀ ಮಾತ್ರ ಆ ಪುಸ್ತಕದಲ್ಲಿ ಬೇಡ. ಅದು ಬ್ಯಾಂಕ್ ಲಾಕರಿನಲ್ಲೋ ನಂಬಿಕಸ್ಥ ಅಕ್ಕನ ಮನೆಯಲ್ಲೋ ಬೇರೆ ಲಕೋಟೆಯಲ್ಲಿರಲಿ. ಆಸ್ತಿಯ ಮೂಲಪತ್ರಗಳು ಕಾಗದದಲ್ಲೇ ಇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಳೆಯ ಖಾತೆಯಿಂದ ಹೊರಡುವಾಗ ಅವಸರ ಬೇಡ. ಗೂಗಲ್ ಟೇಕ್‌ಔಟ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಬಹುದು. ದೊಡ್ಡ ಖಾತೆಯಾದರೆ ಹಲವು ಜಿಪ್ ಫೈಲುಗಳಾಗಿ ಬರುತ್ತದೆ. ಎಲ್ಲವೂ ಬಂದವೇ ಎಂದು ಎಣಿಸಿಕೊಳ್ಳಿ. ಫೋಟೋ ತೆಗೆದ ದಿನಾಂಕ, ಜಾಗದಂಥ ವಿವರಗಳು ಪಕ್ಕದಲ್ಲೇ ಬೇರೆ ಸಣ್ಣ ಫೈಲುಗಳಲ್ಲಿರುತ್ತವೆ. ಕಸವೆಂದು ಅವನ್ನು ಅಳಿಸಿದರೆ ಅಜ್ಜಿಯ ಹಳೆಯ ಫೋಟೋಗಳೆಲ್ಲ ಇವತ್ತಿನ ತಾರೀಖಿಗೆ ಬಂದು ಕೂರುವ ಸಾಧ್ಯತೆಯಿದೆ. ಎಂಟೆಯ ಕಂಪ್ಯೂಟರ್ ಆ್ಯಪ್ ಅವನ್ನು ಓದಿಕೊಂಡು ಸರಿಹೊಂದಿಸುತ್ತದೆ. ಹೊಸ ಜಾಗದಲ್ಲಿ ಎಲ್ಲ ತೆರೆಯುತ್ತಿದೆಯೇ ಎಂದು ಎರಡು-ಮೂರು ತಿಂಗಳು ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಖಾತೆಯನ್ನು ಮಾತ್ರ ಮುಚ್ಚಬೇಡಿ, ಬ್ಯಾಂಕು, ಎಲ್‌ಐಸಿ, ಆದಾಯ ತೆರಿಗೆಯ ಒಟಿಪಿಗಳು ಇನ್ನೂ ಅದೇ ಜಿಮೇಲಿಗೆ ಬರುತ್ತಿರುತ್ತವೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರುಮಾಡಿರುವುದರಿಂದ ಆಗಾಗ ಒಮ್ಮೆ ಒಳಹೊಕ್ಕು ಬನ್ನಿ.